ಚಂದ್ರನಿಲ್ಲದ ಲೋಕದ ಒಕ್ಕಲುತನ

ಗೆಳೆಯರೇ, ಇಂದು ಅಮಾವಾಸ್ಯೆ. ಎತ್ತು ಹೂಡುವಂತಿಲ್ಲವೆಂದು ಗುಂಜಹಳ್ಳಿಯ ಸೋದರಮಾವ ರಾಯಚೂರಿಗೆ ಬಂದು, ನಮ್ಮ ಕಪ್ಪು-ಬಿಳುಪು ಟಿವಿಯ ಮುಂದೆ ಕುಳಿತರು. ಕಾರ್ಟೂನಿನಲ್ಲಿ ಪ್ರಳಯ ಮುಗಿದು ಲೋಕ ಹಾಳಾಗಿತ್ತು. ಒಬ್ಬ ಕತ್ತಿ ಹಿಡಿದು ರಾಕ್ಷಸರ ಬೆನ್ನು ಹತ್ತಿದ್ದ.

"ಹೊಲಮನಿ ಬಿಟ್ಟು ಇವ ಯಾಕ ಬಡದಾಡಾಕತ್ತಾನ?" ಎಂದರು ಮಾವ.

"ಅಲ್ಲಿ ಚಂದ್ರ ಒಡದು ಪುಡಿಪುಡಿ ಆಗ್ಯಾನ್ರೀ ಮಾವ," ಎಂದೆ.

"ಹಂಗಾರ ದಿನಾ ಅಮಾಸಿ. ಎತ್ತು ಹೂಡಂಗಿಲ್ಲ. ಪಾಪ, ಮತ್ತೇನು ಮಾಡ್ಯಾನು?"

ಬೆಳಗಿನಿಂದ ಅಮಾವಾಸ್ಯೆಯ ಹೋಳಿಗೆಯಲ್ಲೇ ಮುಳುಗಿದ್ದ ಅವ್ವ ಅಡುಗೆಮನೆಯಿಂದ ಹೊರಬಂದಳು.

"ದಿನಾ ಅಮಾಸಿ ಆದ್ರ ದಿನಾ ಹೋಳಗಿ ಮಾಡೋರು ಯಾರಪಾ ಯಣ್ಣಾ?"

ಅವ್ವ ಟಿವಿ ಆರಿಸಿದಳು.

ಆ ಲೋಕದಲ್ಲಿ ಹೂರಣ ಯಾರು ರುಬ್ಬುತ್ತಾರೋ ತಿಳಿಯಲಿಲ್ಲ. ಈ ಲೋಕದಲ್ಲಿ ಸದ್ಯ ಮಾವ ರುಬ್ಬುತ್ತಿದ್ದಾರೆ.