ಕೂಸು ಬರುವ ಮೊದಲು ಹಾಸಿದ ನೆಲ

ರಬಕವಿಯಲ್ಲಿ ನಾವು ಕೊಂಡ ಮನೆ ಮೊದಲು ಒಂದು ಅರಳೆ ಗಿರಣಿಯ ಕಚೇರಿಯಾಗಿತ್ತು. ಗಿರಣಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ನೆಲಕ್ಕೆಲ್ಲ ಕಪ್ಪು, ಬೂದು ಬಣ್ಣದ ತೆಳ್ಳನೆಯ ಟೈಲ್ಸು. ಡಾಂಬರಿನಂಥ ಅಂಟಿನ ಮೇಲೆ ಕೂರಿಸಿದ್ದ ಅವು ಅಲ್ಲಲ್ಲಿ ಬಿರಿದು ಮೂಲೆ ಎದ್ದಿದ್ದವು. ಗುಡಿಸಿದಷ್ಟೂ ಪುಡಿ. ದೀಪಾವಳಿಯ ನಂತರ ಮನೆಯನ್ನು ಹೊಸದಾಗಿ ಮಾಡಿಸುವುದೆಂದು ಮಾತಾಗಿತ್ತು. ಅಷ್ಟರೊಳಗೆ ಬೀಳಗಿಗೆ ಕೊಟ್ಟ ಮಗಳು ಕುಬಸದ ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು.

ನಕ್ಷೆ ತೆಗೆಯಲು ಮುಧೋಳದಿಂದ ಬಂದ ಎಂಜಿನಿಯರ್ ಕುಕ್ಕರಗಾಲಲ್ಲಿ ಕುಳಿತು ಒಂದು ಒಡಕು ತುಂಡನ್ನು ನೋಡಿದರು. ಮುಟ್ಟಲಿಲ್ಲ.

"ಇದರಾಗ ಆಸ್ಬೆಸ್ಟಾಸ್ ಇರಬಹುದ್ರಿ ಅಕ್ಕೋರ. ಪರೀಕ್ಷಾ ಮಾಡಸೂತನಕ ಖರೆ ಹೇಳಾಕ ಬರಂಗಿಲ್ಲ. ಅಲ್ಲೀತನಕ ಒಡೀಬ್ಯಾಡ್ರಿ, ತಿಕ್ಕಬ್ಯಾಡ್ರಿ. ಮ್ಯಾಲೆ ಏನರ ಹಾಸಿ ಮುಚ್ಚಿಬಿಡ್ರಿ."

ಆಸ್ಬೆಸ್ಟಾಸ್ ಎಂದರೆ ಛಾವಣಿಯ ಶೀಟು ಎಂದಷ್ಟೇ ನಾವು ತಿಳಿದಿದ್ದೆವು. ಅದರ ಧೂಳು ಎದೆಗೆ ಹೊಕ್ಕರೆ ಹೊರಗೆ ಬರುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು.

ಅವರು ಹೋದ ಮೇಲೆ ನನ್ನ ಗಂಡ ನಕ್ಕರು. "ಮೂವತ್ತ ವರ್ಷ ಮಗ್ಗದ ಮುಂದ ಹತ್ತಿ ನುಂಗೇನಿ. ಈ ಧೂಳ ನನಗೇನ ಮಾಡ್ತೈತಿ? ಒಂದ ದಿನದಾಗ ಕಿತ್ತ ಒಗೀತೇನಿ."

ಮರುದಿನ ನಾನು ಕಲಿಸುವ ರನ್ನ ಬೆಳಗಲಿಯ ಶಾಲೆ ಮುಗಿಸಿ, ಬಸ್ಸಿನಲ್ಲಿ ನಿಂತೇ ಬಂದು ಬಾಗಿಲು ದೂಡಿದರೆ, ಮಗಳಿಗೆಂದು ಇಟ್ಟಿದ್ದ ಕೋಣೆಯಲ್ಲಿ ಎರಡು ಸಾಲು ಟೈಲ್ಸು ಎದ್ದಿದ್ದವು. ಗಂಡನ ರೆಪ್ಪೆಯ ಮೇಲೆ, ಮಂಚದ ಮೇಲೆ, ಕಿಟಕಿಯ ಸರಳುಗಳ ಮೇಲೆ ಬೂದು ಪುಡಿ ಕುಳಿತಿತ್ತು. ಜಗಳಕ್ಕೆ ನನ್ನಲ್ಲಿ ತ್ರಾಣವಿರಲಿಲ್ಲ. ಹೊಸ್ತಿಲ ಹೊರಗೇ ಕುಳಿತುಬಿಟ್ಟೆ.

"ನಿಮ್ಮ ಎದಿ ನಿಮ್ಮದರಿ," ಎಂದೆ. "ಬರೋ ಕೂಸಿನ ಎದಿ ನಿಮ್ಮದಲ್ಲ."

ಅವರು ಕೈಯಲ್ಲಿದ್ದ ಹಾರೆಯನ್ನು ಗೋಡೆಗೆ ಆನಿಸಿದರು. ಎಂಜಿನಿಯರರಿಗೆ ಫೋನ್ ಮಾಡಿದೆ. ಕಸಬರಿಗೆ ಮುಟ್ಟಬೇಡಿ, ಬಾಯಿ ಮೂಗು ಕಟ್ಟಿಕೊಂಡು ನೀರು ಸಿಂಪಡಿಸಿ, ಒದ್ದೆ ಬಟ್ಟೆಯಿಂದ ಎತ್ತಿ, ತುಂಡನ್ನೂ ಬಟ್ಟೆಯನ್ನೂ ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ ಎಂದರು. ಹೊತ್ತು ಮುಳುಗುವತನಕ ಇಬ್ಬರೂ ಮೊಣಕಾಲೂರಿ ಅದನ್ನೇ ಮಾಡಿದೆವು. ನಡುನಡುವೆ ಅವರು ಕೆಮ್ಮುತ್ತಿದ್ದರು. ನಾನು ಕೇಳದಿದ್ದರೂ "ಇದು ಹಳೀ ಕೆಮ್ಮು" ಎಂದರು. ಹಳೆಯದೆಂದು ನನಗೂ ಗೊತ್ತಿತ್ತು. ಇಷ್ಟು ವರ್ಷ ಅದನ್ನು ಮಗ್ಗದ ಸದ್ದಿನಂತೆ ಕೇಳಿಯೂ ಕೇಳದೆ ಇದ್ದೆ.

ಭಾನುವಾರ ಹಾಸುವ ಕೆಲಸ. ಮೊದಲು ಹಳೆಯ ಫ್ಲೆಕ್ಸ್ ಬ್ಯಾನರುಗಳು, ಪುಢಾರಿಗಳ ಮುಖ ತುಂಬಿದ್ದ ಹುಟ್ಟುಹಬ್ಬದ ಶುಭಾಶಯದವು. "ಮಾರಿ ಕೆಳಗ ಮಾಡೂನು," ಎಂದರು ಗಂಡ. "ಇಷ್ಟ ಮಂದಿ ನೋಡ್ಕೋತ ಕುಂತ್ರ ಮಗಳಿಗೆ ನಿದ್ದಿ ಹತ್ತಂಗಿಲ್ಲ." ಅದರ ಮೇಲೆ ಜಮಖಂಡಿಯಿಂದ ತಂದ, ಕಟ್ಟಿಗೆಯ ಗೆರೆಗಳಿದ್ದ ಎಲ್ಲಕ್ಕಿಂತ ಅಗ್ಗದ ಪ್ಲಾಸ್ಟಿಕ್ ಮ್ಯಾಟು. ಮೊಳೆ ಹೊಡೆದರೆ ಟೈಲ್ಸು ಒಡೆಯುತ್ತವೆಂದು ಅಂಚಿಗೆ ಟೇಪು. ಕಿತ್ತ ಎರಡು ಸಾಲಿನ ತಗ್ಗಿಗೆ ರಟ್ಟು. ಎರಡು ತುಂಡು ಕೂಡುವಲ್ಲಿ ಗೆರೆಗೆ ಗೆರೆ ಹೊಂದಲಿಲ್ಲವೆಂದು ಅವರು ಮೂರು ಸಲ ಎತ್ತಿ ಹಾಸಿದರು. ನನ್ನ ಸೊಂಟ ಬಿದ್ದುಹೋಗಿತ್ತು.

"ಬಿಡ್ರಿ, ಐದಾರ ತಿಂಗಳಿಗೆ ಇಷ್ಟ್ಯಾಕ?"

"ಐದಾರ ತಿಂಗಳಾ ದಿನಾ ಕಣ್ಣಿಗೆ ಬೀಳ್ತೈತಿ," ಎಂದರು ನನ್ನ ನೇಕಾರ ಗಂಡ.

ಮಗಳು ಬಂದು ಮೂಗು ಮುರಿದಳು. "ಅವ್ವಾ, ಚಪ್ಪಲಿ ಅಂಗಡಿ ವಾಸನಿ ಬರಾಕತ್ತೈತಿ."

ಹೆಣ್ಣು ಕೂಸು ಹುಟ್ಟಿತು. ಮಳೆಗಾಲದಲ್ಲಿ ಮ್ಯಾಟು ಬೆವರಿ ಅಂಚು ಏಳುತ್ತಿತ್ತು. ದಿನಾ ಬೆಳಿಗ್ಗೆ ಗಂಡ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಟೇಪು ಹಚ್ಚುತ್ತಿದ್ದರು. ನಾನು ಕೂಸಿಗೆ ಎಣ್ಣೆ ತಿಕ್ಕಿ ಎರೆದು, ಬಾಣಂತಿಗೆ ಬಡಿಸಿ ಬಸ್ಸಿಗೆ ಓಡುತ್ತಿದ್ದೆ. ಆ ತಿಂಗಳುಗಳ ನೆನಪೆಂದರೆ ದಣಿವೊಂದೇ. ಕೂಸು ಮೊದಲ ಸಲ ಮಗುಚಿಕೊಂಡಾಗ ನಾನು ಶಾಲೆಯಲ್ಲಿದ್ದೆ. ಸಂಜೆ ಗಂಡ ಮ್ಯಾಟಿನ ಮೇಲೆ ಆ ಜಾಗವನ್ನು ಕಾಲ್ಬೆರಳಿನಿಂದ ತೋರಿಸಿದರು.

ಅದೇ ವಾರ, ಎಂಜಿನಿಯರ್ ಕಟ್ಟಿಟ್ಟ ಚೀಲದಿಂದ ಒಯ್ದಿದ್ದ ತುಂಡಿನ ಪರೀಕ್ಷೆಯ ಕಾಗದ ಬಂತು. ಟೈಲ್ಸಿನಲ್ಲಿ ಆಸ್ಬೆಸ್ಟಾಸ್ ಇತ್ತು. ಗಂಡ ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಮರುದಿನ ಯಾರೂ ಹೇಳದೆ ಜಮಖಂಡಿಯ ಡಾಕ್ಟರರ ಹತ್ತಿರ ಹೋದರು. ಕೆಮ್ಮು ಹತ್ತಿಯದೇ, ಇನ್ನು ಮಗ್ಗದ ಕಡೆ ಹೋಗಬೇಡಿ ಎಂದರಂತೆ. ಹತ್ತು ದಿನ ಬಿಟ್ಟು ಅವರು ಕೆಲಸ ಬಿಟ್ಟರು.

ಮಗಳು ಐದನೇ ತಿಂಗಳಲ್ಲಿ ಬೀಳಗಿಗೆ ಮರಳಿದಳು. ಉಳಿದ ಟೈಲ್ಸನ್ನು ಕೀಳುವುದೇ ಬೇಡ, ಮೇಲೆಯೇ ಹೊಸ ನೆಲ ಹಾಕೋಣ ಎಂದರು ಎಂಜಿನಿಯರ್. ನೆಲ ಹಾಕುವ ಗೌಂಡಿಗಳು ಬರುವ ಮುಂಚಿನ ದಿನ ಇಬ್ಬರೂ ಸಾಮಾನನ್ನೆಲ್ಲ ಹಿತ್ತಲಿಗೆ ಸಾಗಿಸಿದೆವು. ಕೊನೆಗೆ ಖಾಲಿ ಕೋಣೆಯ ಮ್ಯಾಟಿನ ಮೇಲೆ ಒಂದು ಗಳಿಗೆ ಒರಗಿದೆ. ಎಚ್ಚರವಾದಾಗ ಗಂಡ ತಂದಿಟ್ಟ ಚಹಾ ಆರಿತ್ತು. ಪಕ್ಕದಲ್ಲಿ ಅವರು ನನ್ನ ನಿದ್ದೆ ಕೆಡದಂತೆ ಕೆಮ್ಮು ತಡೆಹಿಡಿದು ಕುಳಿತಿದ್ದರು.