ಬಾಯಮ್ಮನ ಬಲಗೈ

ಬಾಯಮ್ಮನ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಮರಿ ಹಾಕಿದ ಹಂದಿಯೊಂದು ಅವರನ್ನು ಗೋಡೆಗೆ ಒತ್ತಿದ್ದರಿಂದ ಹಾಗಾಯಿತೆಂದು ನನ್ನ ನೆನಪು. ಜಾರಿ ಬಿದ್ದದ್ದೆಂದು ಅವರ ಮಗಳು ಹೇಳುತ್ತಾಳೆ. ಬಾಚಿಕೊಳ್ಳುವಾಗ ಅವರು ತಲೆಯನ್ನೇ ಕೈಯ ಬಳಿಗೆ ತರುತ್ತಿದ್ದರು.

ಯಸಳೂರಿನಲ್ಲಿ ನಮ್ಮ ನೆರೆಮನೆಯವರು, ಮಂಗಳೂರು ಕಡೆಯಿಂದ ಬಂದ ಕ್ರೈಸ್ತ ಕುಟುಂಬ. ಎಂ.ಎ. ಮುಗಿಸಿದ ನನಗೆ ಹಂದಿ ಸಾಕಲು ಕಲಿಸಿದವರು. ಕೊಟ್ಟಿಗೆಗೆ ಕಾಲಿಡುವ ಮುನ್ನ ಕೆಮ್ಮುತ್ತಿದ್ದರು. "ಬಾಣಂತಿ ಮನೆಗೆ ಹೇಳದೆ ನುಗ್ತಾರೇನೇ ಮಾರಾಯ್ತಿ?"

ನಮ್ಮಲ್ಲಿ ಹಂದಿ ಸಾಕುವವರು ಅನೇಕರು, ಹೇಳಿಕೊಳ್ಳುವವರು ಕಡಿಮೆ. ಹೀಗಾಗಿ ವ್ಯಾನು ತಂದು ಹಂದಿ ಕೊಳ್ಳುವ ವ್ಯಾಪಾರಿ ಹೇಳಿದ್ದೇ ರೇಟು. ಮಾರಿದ ಪ್ರತಿ ಹಂದಿಯ ಮೇಲೆ ಎಲ್ಲರೂ ಒಂದಿಷ್ಟು ಕೂಡಿಹಾಕಿ ಹೆದ್ದಾರಿಯಲ್ಲಿ ನಮ್ಮದೇ ಮಳಿಗೆ ತೆರೆಯಬೇಕು, ಬೋರ್ಡು ಹಾಕಿ ಪ್ರಚಾರ ಮಾಡಬೇಕು ಎಂದು ಬಾಯಮ್ಮ ಹಟ ಹಿಡಿದರು. ಕೊನೆಗೆ ಮತಕ್ಕೆ ಹಾಕುವುದೆಂದಾಯಿತು.

"ಇದು ಬಿದ್ದೋದ್ರೆ ಹೆಣ್ಣು ಹಂದಿಗಳನ್ನೆಲ್ಲ ವ್ಯಾನಿಗೆ ತುಂಬ್ಬುಡ್ತೀನಿ ಕಣೇ," ಎಂದಿದ್ದರು. ತಮಾಷೆಗಲ್ಲ.

ಸಭೆ ನಡೆದದ್ದು ಕಾಫಿ ಕಣದಲ್ಲಿ. ಪಾಳ್ಯದವರೊಬ್ಬರು ಎದ್ದರು: "ಚೀಟಿ ಹಾಕಾನ ಕಣ್ರೀ. ಕೈ ಎತ್ತಿದ್ರೆ ನೆಂಟರಿಗೆಲ್ಲ ಗೊತ್ತಾಯ್ತದೆ."

"ಗುಟ್ಟಾಗಿ ಓಟಾಕಿ ಹೈವೇಲಿ ಬೋರ್ಡ್ ನಿಲ್ಲಿಸ್ತೀರಾ? ಬೋರ್ಡಿಗೂ ಮುಸುಕು ಹಾಕ್ಸಾನಾ?" ಎಂದರು ಬಾಯಮ್ಮ.

ಕಣವೆಲ್ಲ ನಕ್ಕಿತು. ಒಪ್ಪುವವರು ಕೈ ಎತ್ತಿ ಎಂದಾಗ ಮಾತ್ರ ಯಾರೂ ಎತ್ತಲಿಲ್ಲ. ಬಾಯಮ್ಮನ ಕೈ ಭುಜದ ತನಕ ಬಂದು ನಿಂತಿತು.

"ಅರ್ಧ ಓಟು," ಎಂದರು ಯಾರೋ. "ಎಡಗೈ ಎತ್ತಿ ಬಾಯಮ್ಮ."

"ಒಳ್ಳೆ ಕೆಲಸಕ್ಕೆ ಎಡಗೈ ಎತ್ತೋದಾ?"

ಪಕ್ಕದಲ್ಲಿದ್ದ ನಾನು ಅವರ ಮೊಣಕೈ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದೆ. ನೋವಿಗೆ ಮುಖ ಕಿವುಚಿಕೊಂಡೇ ನನ್ನತ್ತ ತಿರುಗಿದರು.

"ನಂದಾಯ್ತು. ನಿಂದೆಲ್ಲಿ?"

ನಮ್ಮ ಕೊಟ್ಟಿಗೆಯಲ್ಲಿರುವುದು ಹಸುಗಳೆಂದೇ ನನ್ನ ಅತ್ತೆಯ ಕಡೆಯವರು ನಂಬಿದ್ದರು. ಎಡಗೈಯಲ್ಲಿ ಅವರನ್ನು ಹಿಡಿದಂತೆಯೇ ಬಲಗೈ ಎತ್ತಿಬಿಟ್ಟೆ. ಹೊಂಗಡಹಳ್ಳದ ಅಣ್ಣತಮ್ಮಂದಿರು ಎತ್ತಿದರು. ಚೀಟಿ ಬೇಕೆಂದಿದ್ದ ಪಾಳ್ಯದವರೂ ಎತ್ತಿದರು. ನೋಡುತ್ತಿದ್ದಂತೆ ಕಣದ ತುಂಬ ಕೈಗಳು. ನಿಜಕ್ಕೂ ತುಂಬಿತ್ತೇ? ನನ್ನ ನೆನಪು ಕೆಲವನ್ನು ಸೇರಿಸಿಕೊಂಡಿರಬಹುದು. ಗೆದ್ದದ್ದಂತೂ ಹೌದು, "ಇಳಿಸೇ ಸಾಕು, ಕೈ ಬಿದ್ದೋಯ್ತದೆ" ಎಂದು ಬಾಯಮ್ಮ ನಗುತ್ತ ಕೂಗಿದ್ದೂ ಹೌದು.

ಮಳಿಗೆ ತೆರೆದದ್ದನ್ನು ಅವರು ಕಂಡರು. ವ್ಯಾನಿನವನು ನಮ್ಮ ರೇಟು ಕೇಳಿಕೊಂಡು ಬಂದದ್ದನ್ನೂ ಕಂಡರು. ಹೋದ ಮಳೆಗಾಲದಲ್ಲಿ ತೀರಿಕೊಂಡರು.

ಮಳಿಗೆಗೆಂದು ಕೂಡಿಹಾಕುವ ನಿಧಿ ಮುಂದುವರಿಯಲು ವರ್ಷವರ್ಷವೂ ಒಪ್ಪಿಗೆ ಬೇಕು. ಈ ಸಲ ಚೀಟಿಯ ಮಾತನ್ನು ಯಾರೂ ಎತ್ತಲಿಲ್ಲ. ನಾನು ಬಲಗೈ ಎತ್ತಿದೆ. ಎಡಗೈ ತನ್ನಷ್ಟಕ್ಕೆ ಪಕ್ಕಕ್ಕೆ ಸರಿದು ಒಂದು ಮೊಣಕೈಗಾಗಿ ತಡಕಾಡಿತು.