ಮಸ್ಕಿಯ ಹಳ್ಳದಲ್ಲಿ ಸಿಕ್ಕ ಎಣ್ಣೆ

ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ‘ಎಣ್ಣೆ’ ಎಂದು ಒತ್ತಿದರೆ ಪಕ್ಕದಲ್ಲಿ ಒಂದು ಬಾಟಲಿಯ ಚಿತ್ರ ಬರುತ್ತದೆ. ಈಗಿನವರಿಗೆ ಎಣ್ಣೆ ಎಂದರೆ ಅದೇ ಅಂತೆ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಆ ಚಿತ್ರವನ್ನು ನಮ್ಮ ಭಜನೆಯ ಹೆಂಗಸರ ಗುಂಪಿಗೆ ಕಳಿಸಿದೆ. ಮರುದಿನ ಭಜನೆಯಲ್ಲಿ ಒಬ್ಬೊಬ್ಬರೇ ನನ್ನ ಬಾಯಿಯ ಹತ್ತಿರ ಮೂಗು ತಂದು ಮಾತಾಡಿಸಿ ಹೋದರು.

ನಾನು ಚಿಕ್ಕವಳಿದ್ದಾಗ ಮಸ್ಕಿಯ ನಮ್ಮ ಮನೆಯಲ್ಲಿ ಮೂರು ಬಗೆಯ ಎಣ್ಣೆ ಇರುತ್ತಿತ್ತು. ಅಡುಗೆಗೆ ಕುಸುಬಿಯದು, ತಲೆಗೆ ಔಡಲದ್ದು, ದೀಪಕ್ಕೆ ಮಿಟ್ಟಿ ಕಾ ತೇಲ್. ನಿಜಾಮನ ರಾಜ್ಯ ಮುಗಿದು ಬಹಳ ದಿನವಾಗಿರಲಿಲ್ಲ. ಕಚೇರಿಯ ಮೇಲಿನ ಬಾವುಟ ಬದಲಾಗಿತ್ತು, ಆದರೆ ನಮ್ಮ ನಾಲಿಗೆಯ ಮೇಲೆ ಉರ್ದು ಇನ್ನೂ ಹಾಗೇ ಕೂತಿತ್ತು. ಸೀಮೆಎಣ್ಣೆಗೆ ಉರ್ದುವಿನವರು ಹೇಳುವುದೇ ಹಾಗೆ, ಮಣ್ಣಿನ ಎಣ್ಣೆ ಎಂದು. ಊರೆಲ್ಲ ಅರ್ಥ ನೋಡದೆ ಆ ಮಾತು ಆಡುತ್ತಿತ್ತು. ನಾನೊಬ್ಬಳು ಅರ್ಥ ನೋಡಿದೆ, ಕೆಟ್ಟೆ. ಶೇಂಗಾ ಹಿಂಡಿದರೆ ಶೇಂಗಾ ಎಣ್ಣೆ ಬರುತ್ತದೆ. ಹಾಗಾದರೆ ಮಣ್ಣು ಹಿಂಡಿದರೆ ಇದು ಬರಬೇಕಲ್ಲ? ನಮ್ಮ ಎರೆಹೊಲದ ಮಣ್ಣಂತೂ ನೋಡಲಿಕ್ಕೇ ಎಣ್ಣೆಯಲ್ಲಿ ಕಲಸಿಟ್ಟ ಹಾಗೆ ಕರ್ರಗೆ ಹೊಳೆಯುತ್ತಿತ್ತು.

ಅಪ್ಪನದು ಕಿರಾಣಿ ಅಂಗಡಿ. ಬೆಲ್ಲ, ಉಪ್ಪು, ಬೀಡಿಗಳ ಜೊತೆ ಮೂಲೆಯಲ್ಲಿ ಸೀಮೆಎಣ್ಣೆಯ ಪೀಪಾಯಿ. ಅಂಗಡಿಯ ಮುಂದೆಯೇ ಬಸ್ಸು ನಿಲ್ಲುತ್ತಿತ್ತು. ಲಿಂಗಸುಗೂರಿನಿಂದ ಹೊರಟು, ಮಸ್ಕಿಯಲ್ಲಿ ನಿಂತು, ಸಿಂಧನೂರಿಗೆ ಹೋಗಿ ಅಲ್ಲೇ ತಂಗಿ, ಮರುದಿನ ತಿರುಗಿ ಬರುವ ಬಸ್ಸು ಅದೊಂದೇ. ಆ ಬಸ್ಸೇ ನಮ್ಮಕ್ಕನನ್ನು ಕರೆದುಕೊಂಡು ಹೋಗಿತ್ತು.

ಅಕ್ಕನನ್ನು ಸಿಂಧನೂರಿಗೆ ಕೊಟ್ಟದ್ದು ಹಿಂದಿನ ಚಳಿಗಾಲದಲ್ಲಿ. ಅವಳೂ ನಾನೂ ಒಂದೇ ಕೌದಿಯಲ್ಲಿ ಮಲಗಿ ಬೆಳೆದವರು. ಮಗ್ಗುಲಾಗುವಾಗ ಕೌದಿಯನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುವುದು ಅವಳ ಚಾಳಿ, ಒದ್ದು ಬಿಡಿಸಿಕೊಳ್ಳುವುದು ನನ್ನದು. ಅವಳು ಹೋದ ಮೇಲೆ ಇಡೀ ಕೌದಿ ನನ್ನ ಪಾಲಿಗೆ ಬಂತು. ಅದನ್ನು ಹೊದ್ದುಕೊಂಡರೆ ಯಾವ ಮೂಲೆಯೂ ಬೆಚ್ಚಗಾಗುತ್ತಿರಲಿಲ್ಲ. ಅವಳು ನನ್ನ ತಲೆ ಬಾಚುವಾಗ ಹಣಿಗೆಯಿಂದ ಬಡಿಯುತ್ತಿದ್ದಳು; ಅವ್ವ ನಯವಾಗಿ ಬಾಚುತ್ತಿದ್ದಳು. ಅವ್ವ ಬಾಚಿದ್ದು ಬಾಚಿದ ಹಾಗೆ ಅನ್ನಿಸುತ್ತಿರಲಿಲ್ಲ.

ನಾಗರಪಂಚಮಿಗೆ ಬರುತ್ತಾಳೆ ಎಂದು ನಾನು ಕಾದಿದ್ದೆ. ನಮ್ಮ ಕಡೆ ಮದುವೆಯಾದ ಹೆಣ್ಣುಮಗಳು ಮೊದಲ ಪಂಚಮಿಗೆ ತವರಿಗೆ ಬರಲೇಬೇಕು. ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಮಣೆಯ ಮೇಲೆ ಇಬ್ಬರು ಎದುರುಬದುರು ನಿಂತು, ಒಬ್ಬರು ಕುಕ್ಕರಿಸಿದಾಗ ಇನ್ನೊಬ್ಬರು ಎದ್ದು ಜೀಕಬೇಕು. ಅಕ್ಕನಿಲ್ಲದೆ ನಾನು ಯಾರ ಎದುರಿಗೂ ನಿಂತವಳಲ್ಲ.

ಬೀಗರ ಮಾತನ್ನು ತಂದವನು ಬಸ್ಸಿನ ಡ್ರೈವರ್. ಅಪ್ಪನ ಗೆಳೆಯ, ನಾವು ಅವನಿಗೆ ಮಾಮಾ ಎನ್ನುತ್ತಿದ್ದೆವು. ಅಂಗಡಿಯ ಕಟ್ಟೆಯ ಮೇಲೆ ಕೂತು ಕಪ್ಪಿನಿಂದ ಚಹಾ ಬಸಿಗೆ ಸುರಿದುಕೊಳ್ಳುತ್ತ ಹೇಳಿದ: “ಪಂಚಮಿಗೆ ಕಳಸ್ತಾರಂತ. ಆದ್ರ ಬಸ್ಸಿನ್ಯಾಗ ಆದ್ರ ಅಷ್ಟ. ಬಂಡಿ ಹೂಡ್ಕೊಂಡು ಬರಬ್ಯಾಡ್ರಿ ಅಂದಾರ.”

“ಯಾಕಂತ? ನಮ್ಮ ಬಂಡಿಗೇನಾಗೇತಿ?” ಅಪ್ಪನಿಗೆ ಸಿಟ್ಟು ಬಂತು.

“ನನ್ನ ಕೇಳಿದ್ರ? ಒಳಗ ಹೋಗಿ ನಿನ್ನ ಹೇಣ್ತಿನ್ನ ಕೇಳು. ಐದು ತಿಂಗಳ ಬಸುರಿನ್ನ ಈ ಕೆಸರಿನ್ಯಾಗ ಬಂಡಿ ಮ್ಯಾಲ ಕುಣಿಸ್ಕೋತ ತರ್ತಿಯೇನು?”

ಒಳಗೆ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ತಿಳಿದದ್ದು ಇಷ್ಟೇ: ಬಸ್ಸು ಬಂದರೆ ಅಕ್ಕ, ಇಲ್ಲದಿದ್ದರೆ ಇಲ್ಲ.

ಅದೇ ಹೊತ್ತಿಗೆ ಪೆಟ್ರೋಲ್ ತುಟ್ಟಿಯಾಯಿತು. ಮೊದಲು ಬಸ್ಸಿನ ದರ ಏರಿತು. ಆಮೇಲೆ ಬಸ್ಸು ದಿನಾ ಬರುವುದು ಬಿಟ್ಟು ಸಂತೆಯ ದಿನಕ್ಕಷ್ಟೇ ಬರತೊಡಗಿತು. ಆಮೇಲೆ ಸಂತೆಯ ದಿನವೂ ನಂಬಿಕೆ ಇಲ್ಲ. ಓಣಿಯಲ್ಲಿ ಪತ್ರಿಕೆ ತರಿಸುತ್ತಿದ್ದವರು ಒಬ್ಬ ಕಾಕಾ. ಆ ಪತ್ರಿಕೆಯೂ ಬಸ್ಸಿನಲ್ಲೇ ಬರಬೇಕು. ಹೀಗಾಗಿ ಬಸ್ಸು ಯಾಕೆ ಬರುತ್ತಿಲ್ಲ ಎಂಬ ಸುದ್ದಿ ಬಸ್ಸು ಬಂದ ದಿನವೇ ತಿಳಿಯುತ್ತಿತ್ತು.

ಕಾಕಾ ಅಂಗಡಿಯ ಕಟ್ಟೆಯ ಮೇಲೆ ಪತ್ರಿಕೆ ಹರವಿಕೊಂಡು ಹೇಳಿದರು: “ಇರಾನ್‌ದಾಗ ಜಗಳ ನಡದದ. ಅಲ್ಲಿ ಎಣ್ಣಿ ಬಾವಿಗಳು ಇಂಗ್ರೇಜರ ಕೈಯಾಗ ಇದ್ದುವು. ಅವನ್ನ ಅಲ್ಲಿ ಸರ್ಕಾರ ಕಸ್ಕೊಂಡದ. ಅದಕ್ಕ ಈ ತುಟ್ಟಿ.”

“ಇರಾನಿ ಅಂದ್ರ ಹೈದರಾಬಾದಿನ್ಯಾಗ ಚಾದಂಗಡಿ ಇಟ್ಟಾನಲ್ರೀ, ಅವನ?” ಅಪ್ಪ ತಕ್ಕಡಿಯಿಂದ ತಲೆ ಎತ್ತದೆ ಕೇಳಿದ.

“ಅವನಲ್ಲೋ ಮಾರಾಯ, ಅವರ ದೇಶ!”

“ಅವರು ಅಲ್ಲಿ ಬಡದಾಡಿದ್ರ ಸಂತಿಗೆ ಬಂದ ಬಳಗಾನೂರಿನ ಮುದುಕಿ ಇಲ್ಲಿ ಯಾಕ ನಡಕೋತ ಹೋಗ್ಬೇಕ್ರೀ?”

“ಮುದುಕಿ ಇರ್ಲಿ, ನನ್ನ ಪಾಡು ಕೇಳ್ರಿ,” ಎಂದ ಡ್ರೈವರ್ ಮಾಮಾ. “ಇಳಿಜಾರು ಬಂದಲ್ಲೆ ಇಂಜಿನ್ ಬಂದ್ ಮಾಡು, ಪೆಟ್ರೋಲ್ ಉಳಿಸು ಅಂತಾನ ಮಾಲಕ. ಸಿಂಧನೂರು ದಾರ್‍ಯಾಗ ಇಳಿಜಾರು ಎಲ್ಲೈತ್ರಿ? ರೊಟ್ಟಿ ಹಂಚಿನಂಗ ಐತಿ ನೆಲ.”

ಮುಂದೆ ವೋಟು ಬರುತ್ತದೆಂದು ಖಾದಿ ತೊಟ್ಟವರು ಜೀಪಿನಲ್ಲಿ ತಿರುಗತೊಡಗಿದ್ದರು. ಅವರಲ್ಲೊಬ್ಬರು ನಮ್ಮ ಅಂಗಡಿಯ ಮುಂದೆಯೇ ಜೀಪಿನ ಮೇಲೆ ನಿಂತು ಭಾಷಣ ಮಾಡಿದರು. ಪರದೇಶದವರ ಮುಂದೆ ಇನ್ನು ಕೈಯೊಡ್ಡುವುದಿಲ್ಲ, ನಮ್ಮ ನೆಲದ ಹೊಟ್ಟೆಯಲ್ಲಿರುವ ಸಂಪತ್ತನ್ನು ನಾವೇ ತೆಗೆಯುತ್ತೇವೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮವ್ವ ಮಾತ್ರ ಬಾಗಿಲ ಮರೆಯಿಂದ ಅಂದಳು: “ಇವರ ಜೀಪಿಗೆ ಎಣ್ಣಿ ಸಿಗ್ತದ, ನನ್ನ ಮಗಳು ಬರೋ ಬಸ್ಸಿಗೆ ಸಿಗೂದಿಲ್ಲ. ಅದನ್ನೊಂದು ಕೇಳ್ರಿ ಯಾರಾರ.” ಯಾರೂ ಕೇಳಲಿಲ್ಲ.

ಭಾಷಣವಾದ ವಾರದಲ್ಲೇ ಹಳ್ಳದ ದಂಡೆಗೆ ಯಂತ್ರ ಬಂತು. ಮೂರು ಕಾಲಿನ ಎತ್ತರದ ಕಂಬ, ನಡುವೆ ನೆಲ ಕೊರೆಯುವ ಕೊಳವೆ, ಸುತ್ತ ಡೇರೆ, ತೆಲುಗು ಮಾತಾಡುವ ಕೆಲಸಗಾರರು. ಊರಿಗೆ ಅದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ.

“ನಾ ಹೇಳಿದ್ದಿಲ್ಲೇನು?” ಕಾಕಾ ಎದೆ ಉಬ್ಬಿಸಿದರು. ಅವರು ಹೇಳಿರಲಿಲ್ಲ. “ಎಣ್ಣಿ ತೆಗೀಲಿಕ್ಕೇ ಬಂದಾರ. ಇನ್ನ ಇರಾನ್ ಯಾಕ, ಮಸ್ಕಿ ಸಾಕು!”

“ಅಲ್ರೀ, ಎರಿ ಹೊಲದಾಗೆಲ್ಲ ಎಣ್ಣಿ ಎದ್ರ ಜ್ವಾಳ ಎಲ್ಲಿ ಬಿತ್ತೂದು?” ಅಪ್ಪ ಕೇಳಿದ. “ರೊಟ್ಟಿ ಬದ್ಲಿ ಪೆಟ್ರೋಲ್ ಕುಡೀರಿ ಅಂತೀರೇನು?”

“ದೇಶದ ಸಲುವಾಗಿ ಒಂದೆರಡು ಹೊಲ ಬಿಡಬೇಕಾಗ್ತದ.”

“ನಿಮ್ಮವು ಬಿಡ್ರಿ ಮತ್ತ. ಹಳ್ಳದ ದಂಡಿಗೆ ನಿಮ್ಮವೂ ಅದಾವಲ್ಲ.”

ಕಾಕಾ ಪತ್ರಿಕೆ ಮಡಚಿಕೊಂಡು ಮನೆಗೆ ಹೋದರು. ನನ್ನ ಲೆಕ್ಕದಲ್ಲಿ ಇಬ್ಬರೂ ದಡ್ಡರು. ಎಣ್ಣೆ ಬಂದರೆ ಬಸ್ಸು ಬರುತ್ತದೆ, ಬಸ್ಸು ಬಂದರೆ ಅಕ್ಕ ಬರುತ್ತಾಳೆ. ಇದರಲ್ಲಿ ಜೋಳದ ಮಾತೇಕೆ?

ಪಂಚಮಿ ಹತ್ತಿರ ಬಂದಿತ್ತು. ಒಂದು ಖಾಲಿ ಸೀಸೆ ಲಂಗದಲ್ಲಿ ಮುಚ್ಚಿಕೊಂಡು ಹಳ್ಳಕ್ಕೆ ಹೋದೆ. ಕೊಳವೆಯ ಬಾಯಿಂದ ಕೆಸರು ಉಕ್ಕಿ ಪಕ್ಕದ ಗುಂಡಿಗೆ ಬೀಳುತ್ತಿತ್ತು. ಆ ಕೆಸರಿನ ಮೇಲೆ, ದೇವರಾಣೆ, ಕಾಮನಬಿಲ್ಲಿನ ಬಣ್ಣ! ಅಪ್ಪನ ಪೀಪಾಯಿಯ ಕೆಳಗೆ ನೀರು ನಿಂತಾಗ ತೇಲುತ್ತಿದ್ದ ಬಣ್ಣವೇ ಅದು. ಮೂಗಿಗೆ ವಾಸನೆಯೂ ಬಡಿಯಿತು. ಅಲ್ಲಿದ್ದ ಮೇಸ್ತ್ರಿಗೆ ಕನ್ನಡ ಬಾರದು, ನನಗೆ ತೆಲುಗು ಬಾರದು. ನಡುವೆ ಉರ್ದು ಇತ್ತು. ಗುಂಡಿಗೆ ಬೆರಳು ಮಾಡಿ ಕೇಳಿದೆ: “ಮಿಟ್ಟಿ ಕಾ ತೇಲ್?”

ಆ ಮನುಷ್ಯ ಯಂತ್ರದ ಸದ್ದಿನಲ್ಲಿ ಕಿವಿಗೆ ಕೈಯಾನಿಸಿ ಕೇಳಿ, ನಕ್ಕು, “ಹೌ ಬೇಟಿ, ಮಿಟ್ಟಿ ಭೀ ಹೈ, ತೇಲ್ ಭೀ ಹೈ” ಎಂದ. ಮಣ್ಣೂ ಇದೆ, ಎಣ್ಣೆಯೂ ಇದೆ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಯಂತ್ರದಿಂದ ಸೋರಿದ ಎಣ್ಣೆ ಕೆಸರಿಗೆ ಬಿದ್ದಿತ್ತು, ಅಷ್ಟೇ. ನಾನು ಸೀಸೆ ತುಂಬಿಕೊಂಡು ಓಡಿದೆ.

ಅಂದು ಸಂತೆ, ಪುಣ್ಯಕ್ಕೆ ಬಸ್ಸು ಬಂದಿತ್ತು. ಡ್ರೈವರ್ ಮಾಮಾನ ಕೈಗೆ ಸೀಸೆ ಕೊಟ್ಟು, ಏದುಸಿರು ಬಿಡುತ್ತ ಹೇಳಿದೆ: “ತಗೋ ಮಾಮಾ, ಎಣ್ಣಿ. ಇದನ್ನ ಹಾಕ್ಕೊಂಡು ಹೋಗಿ ಪಂಚಮಿಗೆ ಅಕ್ಕನ್ನ ಕರ್ಕೊಂಡು ಬಾ. ಬೇಕಾದಷ್ಟೈತಿ, ದಿನಾ ತಂದು ಕೊಡ್ತೀನಿ.”

ಮಾಮಾ ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಮೂಸಿದ. “ಲೇ, ಇದನ್ನ ಹಾಕಿದ್ರ ನನ್ನ ಬಸ್ಸು ಸಿಂಧನೂರಿಗೆ ಹೋಗೂದಿಲ್ಲ, ಸೀದಾ ಹೊಲ ಉಳಾಕ ಹೋಗ್ತದ,” ಎಂದ.

ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿ ನಕ್ಕರು. ಕಾಕಾ ಮಾತ್ರ ಸೀಸೆ ಕಿತ್ತುಕೊಂಡು ಅಪ್ಪನ ಕೈಗಿತ್ತರು. ಅಪ್ಪ ಅದಕ್ಕೊಂದು ಬತ್ತಿ ಇಳಿಬಿಟ್ಟು ಕಡ್ಡಿ ಗೀರಿದ. ಬತ್ತಿ ಚುರ್ ಎಂದು ಸುಮ್ಮನಾಯಿತು.

“ಇನ್ನಾ ಹಸಿ ಅದ,” ಎಂದರು ಕಾಕಾ. “ಆಳಕ್ಕ ಹೋದಂಗ ಬಲೀತದ.”

ಊರು ಅದನ್ನೂ ನಂಬಿತು. ಆದರೆ ನಂಬಿಕೆ ಮರುದಿನ ಮಧ್ಯಾಹ್ನದವರೆಗೆ ಮಾತ್ರ ಉಳಿಯಿತು. ಮಧ್ಯಾಹ್ನ ಅದೇ ಮೇಸ್ತ್ರಿ ಖಾಲಿ ಡಬ್ಬಿ ಹಿಡಿದು ಅಪ್ಪನ ಅಂಗಡಿಗೆ ಬಂದ. ಡೇರೆಯ ಕಂದೀಲಿಗೆ ಮಿಟ್ಟಿ ಕಾ ತೇಲ್ ಬೇಕಿತ್ತು.

ಅಪ್ಪ ಅವನನ್ನೂ ಡಬ್ಬಿಯನ್ನೂ ನೋಡಿದ. “ನನ್ನ ಹಂತೇಕ ಯಾಕ ಬಂದ್ರಿ? ನೀವು ಕೊರದಲ್ಲೆ ತುಂಬ್ಕೋರಿ,” ಎಂದು ಉರ್ದುವಿನಲ್ಲೂ ಕನ್ನಡದಲ್ಲೂ ಕೈಸನ್ನೆಯಲ್ಲೂ ಹೇಳಿದ. ಮೇಸ್ತ್ರಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದಾಗ ಡಬ್ಬಿ ಕೆಳಗಿಟ್ಟು ಕಟ್ಟೆ ಹಿಡಿದುಕೊಂಡು ನಕ್ಕ. ತುಂಗಭದ್ರೆಗೆ ಕಟ್ಟುತ್ತಿರುವ ಅಣೆಕಟ್ಟಿನಿಂದ ಕಾಲುವೆ ಬರಲಿದೆ, ಹಳ್ಳ ದಾಟಿಸಲು ಕಟ್ಟಡ ಕಟ್ಟಬೇಕು, ಕೆಳಗೆ ಬಂಡೆ ಎಷ್ಟು ಆಳದಲ್ಲಿದೆ ಎಂದು ನೋಡುತ್ತಿದ್ದೇವೆ ಎಂದ. “ತೇಲ್ ನಹೀ, ಪಾನಿ!”

ನೀರು! ಕಟ್ಟೆಯ ಮೇಲಿದ್ದವರ ಮುಖ ಅರಳಿತು. ಕಾಕಾ ಕೂಡಲೇ “ನಾ ಹೇಳಿದ್ದಿಲ್ಲೇನು?” ಎಂದರು. ಅಪ್ಪ ಮೇಸ್ತ್ರಿಗೆ ಬೆಲ್ಲ ಕೊಟ್ಟ. ಎಲ್ಲರೂ ಭತ್ತದ ಮಾತು, ಕಬ್ಬಿನ ಮಾತು ಶುರು ಮಾಡಿದರು. ನಾನು ಅಪ್ಪನ ಅಂಗಿ ಜಗ್ಗಿ ಕೇಳಿದೆ: “ನೀರಿನ ಮ್ಯಾಲ ಬಸ್ಸು ಓಡ್ತದೇನಪ್ಪಾ?”

ಅಪ್ಪ ನನ್ನ ಬಾಯಿಗೂ ಒಂದು ಚೂರು ಬೆಲ್ಲ ಇಟ್ಟ. ಅಳುವಾಗ ಬೆಲ್ಲ ನುಂಗುವುದು ಬಹಳ ಕಷ್ಟ.

ಪಂಚಮಿ ಬಂತು. ಬಸ್ಸು ಬರಲಿಲ್ಲ. ಸಿಂಧನೂರಿಗೆ ಹೋದದ್ದು ಪೆಟ್ರೋಲಿಲ್ಲದೆ ಅಲ್ಲೇ ನಿಂತಿದೆ ಎಂದು ಸೈಕಲ್ಲಿನವನೊಬ್ಬ ಹೇಳಿದ. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದ್ದಳು. ಅಕ್ಕನ ಪಾಲು ಬುಟ್ಟಿಯಲ್ಲೇ ಉಳಿಯಿತು. ಓಣಿಯ ಹುಡುಗಿಯರು ಜೋಕಾಲಿಗೆ ಕರೆದರು. ನಾನು ಮಣೆಯ ಒಂದು ತುದಿಗೆ ನಿಂತೆ, ಇನ್ನೊಂದು ತುದಿಗೆ ಹತ್ತಲು ಬಂದವರನ್ನೆಲ್ಲ ಕಾಲಿನಿಂದ ತಳ್ಳಿದೆ. ಒಬ್ಬಳೇ ನಿಂತರೆ ಮಣೆ ಮುಂದೆ ಹೋಗುವ ಬದಲು ಸುಮ್ಮನೆ ತಿರುಗುತ್ತದೆ. ಬೇವು, ಗೋಡೆ, ದಾರಿ, ಬೇವು, ಗೋಡೆ, ದಾರಿ ಎಂದು ಎಲ್ಲ ನನ್ನ ಸುತ್ತ ತಿರುಗಿದವು. ದಾರಿಯಲ್ಲಿ ಯಾರೂ ಇರಲಿಲ್ಲ.

ಕೆಲವು ದಿನಗಳ ಮೇಲೆ ಸಿಂಧನೂರಿನ ಕಡೆಯಿಂದ ಬಸ್ಸಿನ ಸದ್ದು ಕೇಳಿತು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಡ್ರೈವರ್ ಮಾಮಾ ಇಳಿದವನು ಅಂದು ಚಹಾ ಕೇಳಲಿಲ್ಲ.

“ಪಂಚಮಿ ದಿನ ನಿನ್ನ ಮಗಳು ಸಿಂಧನೂರು ಸ್ಟ್ಯಾಂಡಿಗೆ ಬಂದಿದ್ಲವ್ವಾ,” ಎಂದ. “ಹೊಸ ಸೀರಿ ಉಟ್ಕೊಂಡು, ಟ್ರಂಕ್ ಹೊರಿಸ್ಕೊಂಡು. ಯವ್ವಾ, ಎಣ್ಣಿಲ್ಲ, ಬಸ್ಸು ಹೋಗೂದಿಲ್ಲ ಅಂದ್ನಿ. ‘ಗೊತ್ತಾಗೇತಿ ಮಾಮಾ, ಸುಮ್ನ ಕುಂದರ್ತೀನಿ’ ಅಂದ್ಲು. ಹತ್ತಿ ಕಿಟಕಿ ಬಲ್ಲೆ ಕುಂತ್ಲು. ಸಂಜಿತನಕ ಕುಂತಿದ್ಲು ನೋಡು, ನಿಂತ ಬಸ್ಸಿನ್ಯಾಗ. ಅತ್ತಿ ಬಂದು ಕರ್ಕೊಂಡು ಹೋದ್ಲು.”

ಅವ್ವ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಮುಖವೆಲ್ಲ ಬೆಳ್ಳಗಾಯಿತು. ಅಕ್ಕನಿಗೆ ಕಳಿಸಬೇಕೆಂದು ಉಳಿದಿದ್ದ ಉಂಡಿಯ ಬುಟ್ಟಿ ತರಲು ಒಳಗೆ ಹೋದಳು; ಬಸ್ಸು ಹೊರಟದ್ದು ಲಿಂಗಸುಗೂರಿಗೆ ಎಂಬುದೂ ಅವಳಿಗೆ ನೆನಪಿರಲಿಲ್ಲ.

“ಯಾವ ಸೀಟು ಮಾಮಾ?” ಎಂದು ಕೇಳಿದೆ.

ಅವನು ತೋರಿಸಿದ. ಎಡಗಡೆ, ನಡುವಿನ ಕಿಟಕಿ. ನಾನು ಹತ್ತಿಹೋಗಿ ಅದರ ಪಕ್ಕದ ಸೀಟಿನಲ್ಲಿ ಕೂತೆ. ಕಿಟಕಿಯ ಸರಳು ಬಿಸಿಲಿಗೆ ಕಾದಿತ್ತು. ಸಂತೆಕಲ್ಲೂರಿಗೆ ಹೋಗುವ ಹೆಂಗಸೊಬ್ಬಳು ಬುಟ್ಟಿ ಹೊತ್ತುಕೊಂಡು ಹತ್ತಿ, ನನ್ನ ಹತ್ತಿರ ಬಂದು ನಿಂತಳು.

“ಕಿಟಕಿ ಕಡೆ ಸರಿ ಬೇ, ನಾನೂ ಕುಂದರ್ತೀನಿ.”

“ಇಲ್ಲೆ ನಮ್ಮಕ್ಕ ಕುಂತಾಳ,” ಎಂದೆ.

ಆಕೆ ಖಾಲಿ ಸೀಟು ನೋಡಿದಳು, ನನ್ನ ಮುಖ ನೋಡಿದಳು. “ಹಂಗಾರ ಕುಂದರ್ಲಿ ಬಿಡವ್ವಾ,” ಎಂದು ಬುಟ್ಟಿ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.